ಬಿಡು ಅನ್ನುವ ತನಕ

ದೆವ್ವದ ಕತೆಗೆ ಅಮಾವಾಸ್ಯೆಯೇ ಬೇಕು, ನಡುರಾತ್ರಿಯೇ ಬೇಕು ಅನ್ನುವವರು ಆಚೆ ಮಗ್ಗುಲಾಗಿ ಮಲಗಿ. ಇದು ಶುರುವಾದದ್ದು ಮಟಮಟ ಮಧ್ಯಾಹ್ನ. ಮುದ್ದೇಬಿಹಾಳದಲ್ಲಿ, ನಮ್ಮ ಓಣಿಯ ಜೈನುದ್ದೀನನಿಗೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅತ್ತ ಕೆಮ್ಮಿದರೆ ಇತ್ತ ನಿದ್ದೆ ಹಾರುತ್ತಿತ್ತು. ಅದಕ್ಕೇ ಹೇಳುತ್ತೇನೆ, ಇದರಲ್ಲಿ ಒಂದು ಮಾತೂ ನಾನು ಕೂಡಿಸಿದ್ದಲ್ಲ.

ಲಾಟೀನು ತುಸು ಸಣ್ಣ ಮಾಡಿ… ಹಾಂ, ಸಾಕು.

ಆ ದಿನ ಜೈನುದ್ದೀನ ದವಾಖಾನೆಯಿಂದ ಊಟಕ್ಕೆ ಮನೆಗೆ ಹೊರಟಿದ್ದ. ಬೇಸಿಗೆ. ದಾರಿಯಲ್ಲಿ ನರಪಿಳ್ಳೆ ಇಲ್ಲ. ದವಾಖಾನೆ ಊರ ಹೊರಗೆ, ನಡುವೆ ಸೇದುವ ಬಾವಿ, ಬಾವಿಯ ಮಗ್ಗುಲಿಗೆ ಆಲದ ಮರ. ಅವನ ಕಣ್ಣಿಗೆ ಕೆಂಪು ಗಾಜಿನ ಚಸ್ಮಾ. ಆ ಚಸ್ಮಾದಲ್ಲಿ ನೆತ್ತಿಯ ಮೇಲಿನ ಸೂರ್ಯನೂ ಮುಳುಗುವ ಸೂರ್ಯನಂತೆ ಕಾಣುತ್ತಿದ್ದ. ಬಾವಿಯ ರಾಟೆ ಗಾಳಿಗೆ ‘ಕಿರ್‍ರ್…’ ಅಂದಿತು. ಸುಮ್ಮನಾಯಿತು.

ಆಗ ಬೆನ್ನ ಹಿಂದೆ ಕೇಳಿಸಿತು.

‘ಸ್ಸ್ಸ್…’

ಯಾರೋ ಎದೆ ತುಂಬ ಉಸಿರು ಎಳೆದುಕೊಂಡರು. ಅಷ್ಟೇ. ಎಳೆದುಕೊಂಡವರು ಬಿಡಬೇಕಲ್ಲ? ಜೈನುದ್ದೀನ ನಿಂತ. ಕಾದ. ಬಿಡಲಿಲ್ಲ… ಹಿಂತಿರುಗಿ ನೋಡಿದ. ಬಾವಿ, ಮರ, ಕೆಂಪು ಬಿಸಿಲು. ಮೆಲ್ಲಗೆ, ತನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಒಂದೇ ಮಾತು ಅಂದ.

“ಬಿಡು.”

ಏನೂ ಆಗಲಿಲ್ಲ. ಅವನು ಓಡಿದ. ಮನೆ ಮುಟ್ಟುವ ತನಕ ನಿಲ್ಲಲಿಲ್ಲ.

ಈ ಮನುಷ್ಯ ಯಾಕೆ ‘ಯಾರು’ ಅನ್ನಲಿಲ್ಲ, ‘ಬಿಡು’ ಅಂದ? ಅದು ತಿಳಿಯಬೇಕಾದರೆ ಪೇಂಡಸೆ ಡಾಕ್ಟರರ ಮಶೀನಿನ ಸುದ್ದಿ ಹೇಳಬೇಕು.

ಡಾಕ್ಟರ್ ಪೇಂಡಸೆ ಪುಣೆಯ ಕಡೆಯವರು. ಸ್ವಾತಂತ್ರ್ಯ ಬಂದು ನಾಲ್ಕಾರು ವರ್ಷಕ್ಕೆ ನಮ್ಮೂರಿಗೆ ಬಂದು ದವಾಖಾನೆ ತೆರೆದರು. ಯಾವುದೋ ದೊಡ್ಡ ಆಸ್ಪತ್ರೆ ಬೇಡವೆಂದ ಹಳೇ ಮಶೀನೊಂದನ್ನು ತಂದರು. ಎದೆಯೊಳಗನ್ನು ನೋಡುವ ಮಶೀನು. ಫೋಟೋ ತೆಗೆಯುವುದಲ್ಲ, ಅಲ್ಲೇ, ಆಗಲೇ, ಕಣ್ಣಾರೆ ನೋಡುವುದು. ಕೋಣೆಯ ಕಿಟಕಿಗೆಲ್ಲ ಕರಿ ಅರಿವೆ ಬಡಿದಿದ್ದರು. ರೋಗಿ ಒಂದು ಚೌಕಟ್ಟಿನಲ್ಲಿ ಎದೆಯನ್ನು ಪರದೆಗೆ ಒತ್ತಿ ನಿಲ್ಲಬೇಕು. ಡಾಕ್ಟರು ಪರದೆಯ ಈಚೆ. ಹಿತ್ತಲಲ್ಲಿ ಎಣ್ಣೆ ಎಂಜಿನ್ ‘ಢುಕ್… ಢುಕ್… ಢುಕ್’ ಅನ್ನುತ್ತಿತ್ತು. ಡಾಕ್ಟರು ಕಾಲಿಂದ ಗುಂಡಿ ಒತ್ತಿದರೆ ‘ಖಟ್’, ಆಮೇಲೆ ಜೇನು ಹುಳದಂತೆ ‘ಝೂಂ…’ ಅಂತ ಒಂದು ಸದ್ದು. ಕತ್ತಲಲ್ಲಿ ಪರದೆ ಹಸಿರಾಗಿ ಹೊತ್ತಿಕೊಳ್ಳುತ್ತಿತ್ತು. ಪುಪ್ಪುಸ ಬೆಳ್ಳಗೆ, ಪಕ್ಕೆಲುಬು ಕಪ್ಪು ಗೆರೆ. ನಡುವೆ ಕರ್‍ರಗೆ ಹೃದಯ… ಬಡಿಯುತ್ತಿತ್ತು. ಜೀವಂತ ಮನುಷ್ಯನ ಹೃದಯ, ಕಣ್ಣೆದುರು.

ಆ ಬೆಳಕು ತೀರ ಮಂದ. ಬಿಸಿಲಿನ ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೇ ಮೊದಲಿನಿಂದಲೇ ಕೆಂಪು ಚಸ್ಮಾ ಹಾಕಿಕೊಂಡು ಕಣ್ಣನ್ನು ಕತ್ತಲಿಗೆ ಪಳಗಿಸಬೇಕು. ಡಾಕ್ಟರೂ ಹಾಕುತ್ತಿದ್ದರು, ಕಂಪೌಂಡರ್ ಜೈನುದ್ದೀನನೂ ಹಾಕುತ್ತಿದ್ದ. ಊಟಕ್ಕೆ ಹೋದರೂ ತೆಗೆಯುವಂತಿಲ್ಲ.

ಇನ್ನೊಂದು ಪೇಚು. ರೋಗಿ ಉಸಿರು ಎಳೆದು, ಹಿಡಿದು, ಹೇಳಿದಾಗ ಬಿಡಬೇಕು. ಡಾಕ್ಟರರ ಕನ್ನಡ ಅಷ್ಟಕ್ಕಷ್ಟೇ. ಹೆಣ್ಣುಮಕ್ಕಳು ಬಂದರೆ ಮರಾಠಿ ಮರ್ಯಾದೆಯಲ್ಲಿ “ಬಾಯಿ, ಶ್ವಾಸ ಧರಾ” ಅನ್ನುವರು, ಅಮ್ಮಾ, ಉಸಿರು ಹಿಡಿಯಿರಿ ಅಂತ. ನಮ್ಮವರಿಗೆ ತಿಳಿದದ್ದು ‘ಬಾಯಿ’ ಒಂದೇ. ತಟ್ಟನೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುವರು. ಪರದೆಯ ಮೇಲೆ ಪುಪ್ಪುಸದ ಬದಲು ಮೊಣಕೈ ಎಲುಬು. ಬೇಸತ್ತು ಡಾಕ್ಟರು ಆ ಕೆಲಸವನ್ನು ಜೈನುದ್ದೀನನಿಗೆ ಒಪ್ಪಿಸಿದರು. ಅವನ ದನಿ ಮಸೀದಿಯ ಹೊರಗೂ ಕೇಳುವಂಥದು.

“ಉಸುರ ಎಳಿ… ಹಿಡಿ… ಬಿಡು.”

ಇಡೀ ತಾಲೂಕು ಅವನ ಮಾತಿಗೆ ಉಸಿರು ಹಿಡಿದು ಬಿಟ್ಟಿತು. ಜಂಬ ಬಾರದೆ ಇರುತ್ತದೆಯೇ? ಸಂತೆಯಲ್ಲಿ ಯಾರಾದರೂ ಎದುರಾದರೆ “ಏ, ಉಸುರ ಬಿಡು ಅಂದೇನ ಇಲ್ಲ ನಿನಗ?” ಅಂತ ಚೇಷ್ಟೆ ಮಾಡುವನು. ಒಳ್ಳೆಯ ಹುಡುಗ, ನಾಲಿಗೆ ಮಾತ್ರ ತುಸು ಉದ್ದ. ಆ ನಾಲಿಗೆಯೇ ಅವನನ್ನು ತಿಂದದ್ದು.

ಒಂದು ದಿನ ನಿಡಗುಂದಿ ಕಡೆಯ ಹಳ್ಳಿಯಿಂದ ಗುಂಡವ್ವ ಅಂತ ಒಬ್ಬಳು ಬಂದಳು. ಸಂಗಡ ಅವಳ ಅಣ್ಣ ಚಂದಪ್ಪ, ಎತ್ತಿನ ಗಾಡಿಯಲ್ಲಿ ಕರೆತಂದಿದ್ದ. ಕೆಮ್ಮಿ ಕೆಮ್ಮಿ ಹೆಣ್ಣುಮಗಳ ಮೈಯಲ್ಲಿ ಎಲುಬು ಉಳಿದಿತ್ತು, ನಗು ಉಳಿದಿತ್ತು. ಚೌಕಟ್ಟಿನಲ್ಲಿ ನಿಲ್ಲಿಸಿದಾಗ ಅವಳ ಗಲ್ಲ ಉಬ್ಬಿತ್ತು.

“ಯಣ್ಣಾ, ಎಲಿ ಅಡಿಕಿ ಹಾಕೇನಿ. ಉಗುಳಿ ಬರ್ಲಿ?”

“ಹೊತ್ತಿಲ್ಲ ಯಕ್ಕಾ, ಮಂದಿ ಭಾಳ ಐತಿ. ಒಂದ ಗಲ್ಲಕ್ಕ ಒತ್ತಿಟಗೋ.”

“ಉಸುರು ಎಷ್ಟೊತ್ತು ಹಿಡೀಲಿ?”

“ನಾ ಬಿಡು ಅನ್ನೂ ತನಕ.”

“ನೀ ಅನ್ನಾಕ ಮರತ್ರ?”

“ಮರತ್ರ ಸಾಯೂ ತನಕ ಹಿಡಕೊಂಡ ನಿಂದ್ರು!”

ಕತ್ತಲಲ್ಲಿ ಗುಂಡವ್ವ ನಕ್ಕಳು. ಅವನೂ ನಕ್ಕ. ದೀಪ ಆರಿತು. ‘ಖಟ್’. ‘ಝೂಂ…’ ಪರದೆ ಹಸಿರಾಯಿತು.

“ಎಳಿ.” ‘ಸ್ಸ್ಸ್…’ “ಹಿಡಿ.”

ಅಷ್ಟೊತ್ತಿಗೆ ಹಿತ್ತಲಲ್ಲಿ ‘ಢುಕ್ ಢುಕ್ ಢುಕ್… ಫಟ್!’ ಎಂಜಿನಿನ ಪಟ್ಟಾ ಕಿತ್ತುಹೋಯಿತು. ಪರದೆ ಕಪ್ಪಾಯಿತು. ಡಾಕ್ಟರು ಮರಾಠಿಯಲ್ಲಿ ಬೈದರು. ಜೈನುದ್ದೀನ ತಡಕಾಡಿಕೊಂಡು ಬಾಗಿಲು ದಾಟಿ ಹಿತ್ತಲಿಗೆ ಓಡಿದ. ಡಾಕ್ಟರೂ ಬಂದರು. ಪಟ್ಟಾ ಹೊಲಿದರು, ಏರಿಸಿದರು, ಹ್ಯಾಂಡಲ್ ಹೊಡೆದರು. ಎಂಜಿನ್ ಮತ್ತೆ ಹಿಡಿಯಿತು. ಇಬ್ಬರೂ ಬಂದು ಬಾಗಿಲು ಮುಚ್ಚಿದರು. ಡಾಕ್ಟರು ಗುಂಡಿ ಒತ್ತಿದರು.

ಎದೆ ಪೂರ್ತಿ ಉಬ್ಬಿತ್ತು. ಪಕ್ಕೆಲುಬು ಮೇಲೆದ್ದಿದ್ದವು. ಪುಪ್ಪುಸ ತುಂಬ ಗಾಳಿ. ಮತ್ತೆ ನಡುವೆ… ಹೃದಯ.

ಫೋಟೋದಲ್ಲಾದರೆ ಎಲ್ಲರ ಹೃದಯವೂ ನಿಂತೇ ಇರುತ್ತದೆ, ಗೊತ್ತಾಗುವುದಿಲ್ಲ. ಈ ಪರದೆಯ ಮೇಲೆ ಗೊತ್ತಾಗುತ್ತದೆ.

ಡಾಕ್ಟರು ಬಹಳ ಹೊತ್ತು ಕಾಲು ತೆಗೆಯಲಿಲ್ಲ. ಆಮೇಲೆ “ದಿವಾ ಲಾವ” ಅಂದರು, ದೀಪ ಹಚ್ಚು ಅಂತ. ಹಚ್ಚಿದ. ಗುಂಡವ್ವ ಚೌಕಟ್ಟಿನ ಸರಳು ಹಿಡಿದು ಗದ್ದವನ್ನು ಪರದೆಯ ಮೇಲಿಟ್ಟು ನಿಂತಿದ್ದಳು. ಬಾಯಿ ಬಿಗಿ ಮುಚ್ಚಿತ್ತು. ಕಣ್ಣು ಅವನನ್ನೇ ನೋಡುತ್ತಿದ್ದವು, ಇನ್ನೇನು ಹೇಳುತ್ತಾನೆ ಅನ್ನುವ ಹಾಗೆ.

ರೋಗ ಹಣ್ಣಾಗಿತ್ತು, ಹೃದಯ ನಿಂತಿತು, ಉಸಿರು ಹಿಡಿದು ಯಾರೂ ಸಾಯುವುದಿಲ್ಲ, ಮೈ ತಾನೇ ಬಿಟ್ಟುಬಿಡುತ್ತದೆ ಅಂತ ಡಾಕ್ಟರು ಹೇಳಿದರು. ಅದು ಖರೆ ಇರಬಹುದು. ಆದರೆ ಚಂದಪ್ಪ ತಂಗಿಯನ್ನು ಹೊರಗೆ ಕಟ್ಟೆಯ ಮೇಲೆ ಮಲಗಿಸಿಕೊಂಡು ಅವಳ ಎದೆಯನ್ನೇ ನೋಡುತ್ತ ಕೂತ. ಎದೆ ಇಳಿದಿರಲಿಲ್ಲ.

“ಪ್ರಾಣ ಬಿಟ್ಟಾಳ ಅಂತೀರಿ,” ಅಂದ. “ಉಸುರು ಬಿಟ್ಟಿಲ್ಲಲ್ರಿ?”

ಚಂದಪ್ಪ ಜೈನುದ್ದೀನನ ಕೈ ಹಿಡಿದ.

“ಯಪ್ಪಾ, ನಿನ್ನ ಮಾತಿಗೆ ಹಿಡದಾಳ. ನೀನ ಒಂದ ಸಲ ಬಿಡು ಅನ್ನು. ಆಕಿ ಹೋಗ್ಲಿ.”

ಸುತ್ತ ಮಂದಿ ನಿಂತಿತ್ತು. ಡಾಕ್ಟರು ಬಾಗಿಲಲ್ಲಿದ್ದರು. “ಸತ್ತವರ ಸಂಗಡ ಮಾತಾಡತೀಯಾ? ವೇಡಾ ಆಹೇಸ ಕಾ?” ಅಂತ ಗದರಿದರು. ಹುಚ್ಚನೇನೋ ಅಂದ ಹಾಗೆ. ಜೈನುದ್ದೀನನಿಗೆ ನಾಚಿಕೆ ಬಂತು. ಒಂದು ಮಾತು, ಎರಡಕ್ಷರ… ಅನ್ನಲಿಲ್ಲ. ಕೈ ಬಿಡಿಸಿಕೊಂಡು ಒಳಗೆ ಹೋದ. ಗಾಡಿ ಆಲದ ಮರದ ಕೆಳಗೆ ತುಸು ನಿಂತು, ಎತ್ತಿಗೆ ನೀರು ಕುಡಿಸಿ, ನಿಡಗುಂದಿ ದಾರಿ ಹಿಡಿಯಿತು.

ಅದರ ಮರುದಿನವೇ ನಾನು ಮೊದಲು ಹೇಳಿದ ಮಧ್ಯಾಹ್ನ.

ಆಮೇಲೆ ಕತ್ತಲ ಕೋಣೆಯಲ್ಲೂ ಶುರುವಾಯಿತು. ಯಾರೇ ನಿಲ್ಲಲಿ, “ಎಳಿ” ಅಂದರೆ ಎರಡು ‘ಸ್ಸ್ಸ್’ ಕೇಳುತ್ತಿದ್ದವು. ಒಂದು ಚೌಕಟ್ಟಿನೊಳಗೆ, ಒಂದು ಅವನ ಕಿವಿಯ ಹಿಂದೆ. “ಬಿಡು” ಅಂದರೆ ಒಂದೇ ‘ಹಾ…’. ದಿನ ಹೋದಂತೆ ಅವನು “ಬಿಡು, ಬಿಡು” ಅಂತ ಎರಡೆರಡು ಸಲ ಅನ್ನತೊಡಗಿದ. ಬಾಗಿಲು ಮುಚ್ಚಿದ ಮೇಲೆ ಖಾಲಿ ಕೋಣೆಯಲ್ಲಿ ನಿಂತು ಅಂದ. ಆಲದ ಮರದ ಕೆಳಗೆ ಅಂದ. ನಿಡಗುಂದಿಯ ಆಚೆ ಅವಳ ಊರಿಗೇ ಹೋಗಿ, ಗೋರಿಯ ಮಣ್ಣು ಮುಟ್ಟಿ, ಅಳುತ್ತ ಅಂದ. ಚಂದಪ್ಪ ದೂರ ನಿಂತು ನೋಡಿದ. ಬೈಯಲಿಲ್ಲ, ಬಾ ಅನ್ನಲೂ ಇಲ್ಲ.

ಕೊನೆಗೆ ತಾಳಿಕೋಟೆಯಲ್ಲಿ ದೆವ್ವ ಬಿಡಿಸುವ ನಬಿಸಾಬ ಅನ್ನುವ ಮುದುಕನ ಹತ್ತಿರ ಹೋದ. ಮುದುಕ ಎಲ್ಲ ಕೇಳಿಸಿಕೊಂಡ. ನವಿಲುಗರಿ ಎತ್ತಲಿಲ್ಲ, ಲೋಬಾನ ಹಾಕಲಿಲ್ಲ.

“ಹಿಡದದ್ದನ್ನ ಬಿಡಸೂದು ನನ್ನ ಕೆಲಸ ತಮ್ಮಾ. ಆದ್ರ ಅದು ನಿನ್ನ ಹಿಡದಿಲ್ಲ. ನೀ ಹಿಡಿ ಅಂದಿ, ಅದು ಉಸುರ ಹಿಡಕೊಂಡೈತಿ. ಅಷ್ಟ.”

“ಬಿಡು ಅಂದೇನ್ರಿ. ನೂರ ಸಲ ಅಂದೇನಿ.”

“ಬಿಡಾಕ ಎದಿ ಬೇಕಲ್ಲೋ. ಆಕಿ ಎದಿ ಮಣ್ಣಾಗ ಹೋತು. ನೀ ಅನಬೇಕಾದಾಗ ಅನ್ಲಿಲ್ಲ.” ಮುದುಕ ದನಿ ಇಳಿಸಿದ. “ಇನ್ನ ಯಾರದರ ಎದಿ ಸಿಗೂ ತನಕ ನಿನ್ನ ಹಿಂದ ಅಡ್ಡಾಡತೈತಿ. ಸಿಕ್ಕಿತು ಅಂದ್ರ ಜ್ವಾಕಿ. ಆವಾಗ ನೀ ಬಿಡು ಅಂದ್ರ ಬರೇ ಒಂದ ಉಸುರು ಹೋಗೂದಿಲ್ಲ… ಆ ಎದಿ ಯಾರದೋ, ಅವರ ಉಸುರೂ ಕೂಡೇ ಹೋಗತೈತಿ.”

“ಇದಕ್ಕ ದಾರಿ?”

“ಇಲ್ಲ,” ಅಂದ ಮುದುಕ. ತಾಯತವನ್ನೂ ಕೊಡಲಿಲ್ಲ.

ಆ ಮಳೆಗಾಲದಲ್ಲೇ ಜೈನುದ್ದೀನನ ಹೆಂಡತಿ ರೋಷನಬಿಗೆ ಕೆಮ್ಮು ಹತ್ತಿತು. ರೋಷನಬಿ ಎಂಥ ಹೆಣ್ಣುಮಗಳು ಅಂದರೆ, ಮದುವೆ ಮನೆಯಲ್ಲಿ ತಟ್ಟೆ ಮುಂದೆ ಹಿಡಿದರೂ ಎಲೆ ಅಡಿಕೆ ಒಲ್ಲೆ ಅನ್ನುವಳು, ಅದರ ವಾಸನೆಗೇ ಹೊಟ್ಟೆ ತೊಳಸುತ್ತದೆ ಅಂತ. ಅತ್ತೆ ಬಿಬಿಜಾನ ಅದಕ್ಕೇ ಅವಳನ್ನು “ಹಾಲಹಲ್ಲಿನ ಸೊಸಿ” ಅಂತ ಛೇಡಿಸುವಳು. ಜೈನುದ್ದೀನನಿಗೆ ಅವಳೆಂದರೆ ಜೀವ. ಅಷ್ಟು ಜೀವವಿದ್ದೇ ಅವಳನ್ನು ದವಾಖಾನೆಗೆ ಒಯ್ಯಲಿಲ್ಲ. ಥಂಡಿ ಅಂದ, ಧೂಳು ಅಂದ, ಕಷಾಯ ಕುದಿಸಿದ. ಗೋಡೆಯ ಈಚೆಗೆ ಆ ಕೆಮ್ಮು ದಿನದಿನಕ್ಕೆ ಆಳಕ್ಕೆ ಇಳಿಯುವುದು ನಮಗೆ ಕೇಳುತ್ತಿತ್ತು.

ಸೆರಗಿನಲ್ಲಿ ನೆತ್ತರು ಕಂಡ ದಿನ ಬಿಬಿಜಾನ ಮಗನ ಎದುರು ನಿಂತಳು.

“ಊರ ಮಂದಿ ಎದಿ ನೋಡಾಕ ನಿಂದ್ರತಿ. ಮನ್ಯಾಕಿ ಎದಿ ನೋಡಾಕ ನಿನಗೇನ ಬ್ಯಾನಿ?”

“ಅಮ್ಮಾ, ನಿನಗ ತಿಳ್ಯೂದಿಲ್ಲ…”

“ತಿಳಸಬ್ಯಾಡ. ಕರಕೊಂಡ ನಡಿ.”

ದಾರಿಯಲ್ಲಿ ಆಲದ ಮರದ ಹತ್ತಿರ ಅವನು ಹೆಂಡತಿಯ ಕಿವಿಗೆ ಬಾಗಿ ಹೇಳಿದ: “ನೋಡು, ಒಳಗ ಯಾರ ಏನ ಅಂದ್ರೂ ಉಸುರ ಹಿಡೀಬ್ಯಾಡ. ನಾ ಅಂದ್ರೂ ಹಿಡೀಬ್ಯಾಡ.”

“ಯಾಕ್ರಿ?”

“ಕೇಳಬ್ಯಾಡ.”

ಕತ್ತಲ ಕೋಣೆ. ರೋಷನಬಿಯ ಬಳೆ ಸರಳಿಗೆ ತಾಗಿ ‘ಕಿಣ್’ ಅಂದವು. ‘ಖಟ್’. ‘ಝೂಂ…’ ಹಸಿರು ಬೆಳಕಿನಲ್ಲಿ ಅವಳ ಎದೆ ಕಂಡಿತು. ಮೇಲಿನ ಭಾಗದಲ್ಲಿ ಮೋಡ ಕವಿದ ಹಾಗೆ ಮಚ್ಚೆ. ಕ್ಷಯದ ಆ ಮಚ್ಚೆ ಜೈನುದ್ದೀನನಿಗೆ ನೋಡಿ ನೋಡಿ ಗೊತ್ತಿತ್ತು. ಹಲ್ಲು ಕಚ್ಚಿ ಸುಮ್ಮನೆ ನಿಂತ.

“ಬೋಲ್, ಜೈನುದ್ದೀನ,” ಅಂದರು ಡಾಕ್ಟರು.

ಅವನು ಅನ್ನಲಿಲ್ಲ.

“ಅರೇ ಬೋಲ್!”

ಅನ್ನಲಿಲ್ಲ. ಡಾಕ್ಟರಿಗೆ ರೇಗಿತು. ಇಷ್ಟು ವರ್ಷ ಕೇಳಿ ಕೇಳಿ ಬಾಯಿಗೆ ಬಂದದ್ದನ್ನು ತಾವೇ ಅಂದರು: “ಬಾಯಿ… ಉಸುರ ಎಳಿ… ಹಿಡಿ!”

ದೊಡ್ಡವರು, ಡಾಕ್ಟರು ಹೇಳಿದ್ದು. ಪಾಪ, ರೋಷನಬಿ ಗಾಬರಿಯಲ್ಲಿ ಗಂಡನ ಮಾತು ಮರೆತು ಎಳೆದುಕೊಂಡಳು.

‘ಸ್ಸ್ಸ್…’

‘ಸ್ಸ್ಸ್…’

ಈ ಸಲ ಎರಡನೆಯದು ಅವನ ಕಿವಿಯ ಹಿಂದೆ ಇರಲಿಲ್ಲ. ಪರದೆಯ ಆಚೆ ಇತ್ತು. ರೋಷನಬಿಯ ಪಕ್ಕೆಲುಬಿನ ನಡುನಡುವೆ ಇನ್ನೊಂದು ಸಾಲು ಎಲುಬು ಎದ್ದವು, ತೆಳ್ಳಗೆ, ಬಿಗಿಯಾಗಿ. ಆಮೇಲೆ ಇಬ್ಬರೂ ಕಂಡರು… ಡಾಕ್ಟರೂ ಕಂಡರು, ಇದನ್ನು ನೆನಪಿಡಿ. ಎದೆಯ ನಡುವೆ ಎರಡು ಹೃದಯ. ಒಂದು ಬಡಿಯುತ್ತಿತ್ತು. ಇನ್ನೊಂದು ನಿಂತಿತ್ತು.

‘ಬಿಡು’ ಜೈನುದ್ದೀನನ ಗಂಟಲ ತನಕ ಬಂತು. ಮುದುಕನ ಮಾತು ನೆನಪಾಯಿತು. ಎರಡೂ ಕೈಯಿಂದ ತನ್ನ ಬಾಯಿ ತಾನೇ ಮುಚ್ಚಿಕೊಂಡ.

“ಬಿಡು… ಬಿಡು, ಬಾಯಿ,” ಅಂದರು ಡಾಕ್ಟರು. ರೋಷನಬಿ ‘ಹಾ…’ ಅಂತ ಬಿಟ್ಟಳು. ಅವಳ ಪಕ್ಕೆಲುಬು ಇಳಿದವು. ಇನ್ನೊಂದು ಸಾಲು ಇಳಿಯಲಿಲ್ಲ. ಅದು ಡಾಕ್ಟರರ ಮಾತಿಗೆ ಹಿಡಿದದ್ದಲ್ಲವಲ್ಲ.

ಡಾಕ್ಟರು ಗುಂಡಿಯಿಂದ ಕಾಲು ತೆಗೆದರು. ಆ ದಿನದ ನಂತರ ಆ ಕೋಣೆಯ ಬೀಗ ತೆರೆಯಲೇ ಇಲ್ಲ. ಸೂಜಿ ಮದ್ದು ತರಿಸಿದರು, ತಾವೇ ಮನೆಗೆ ಬಂದು ಚುಚ್ಚಿದರು. ಜೈನುದ್ದೀನನ ಮುಖ ನೋಡದೆ ಬಂದು, ಮುಖ ನೋಡದೆ ಹೋಗುತ್ತಿದ್ದರು.

ರೋಷನಬಿಗೆ ಅಂದಿನಿಂದ ಒಂದೇ ಗೋಳು.

“ಎದಿ ತುಂಬಿದಂಗ ಆಗೈತ್ರಿ. ಎಷ್ಟ ಬಿಟ್ರೂ ಒಳಗ ಉಳೀತೈತಿ.”

ಮಲಗಿದರೆ ಉಸಿರು ಕಟ್ಟುವುದು. ಗೋಡೆಗೆ ಒರಗಿ ಕೂತೇ ಇರುವಳು. ಜೈನುದ್ದೀನ ಅವಳ ಬೆನ್ನು ನೀವುತ್ತ ರಾತ್ರಿಯೆಲ್ಲ ಕೂಡುವನು. ಒಂದು ರಾತ್ರಿ ಅವನು ಅವಳಿಗೆ ಎಲ್ಲ ಹೇಳಿದ. ಗೋಡೆಯ ಈಚೆ ಪಿಸುಮಾತು ನಮಗೂ ಕೇಳುತ್ತಿತ್ತು.

“ಹಂಗಾರ ಅಂದುಬಿಡ್ರಿ,” ಅಂದಳು. “ಪಾಪ, ಆಕಿನೂ ಎಷ್ಟ ದಿನಾ ಹಿಡದಾಳು.”

“ಅಂದ್ರ ನೀನೂ ಹೋಗತಿ.”

“ಅನ್ನದಿದ್ರ ಉಳೀತೇನೇನು?”

ಅವನು ಅನ್ನಲಿಲ್ಲ. ಮತ್ತೊಂದು ರಾತ್ರಿ ಕೇಳಿದಳು, ಅನ್ನಲಿಲ್ಲ. ಕೈ ಮುಗಿದು ಕೇಳಿದಳು. ಅವನು ಅವಳ ಪಾದ ಹಿಡಿದು ಅತ್ತ, ಅನ್ನಲಿಲ್ಲ. ಅನ್ನದೆ ಅವಳನ್ನು ಉಳಿಸಿಕೊಳ್ಳುತ್ತೇನೆ ಅಂತ ಅವನ ಲೆಕ್ಕ. ಯಾರನ್ನು ದೂರಿ ಏನು ಪ್ರಯೋಜನ? ನಾವಾಗಿದ್ದರೂ ಅದನ್ನೇ ಮಾಡುತ್ತಿದ್ದೆವು.

ರಮಜಾನಿನ ಚಂದ್ರ ಕಾಣುವ ಮೊದಲು, ಒಂದು ನಸುಕಿನಲ್ಲಿ, ಗೋಡೆಯ ಆಚೆ ‘ಸ್ಸ್ಸ್…’ ಅಂತು. ನಾವೆಲ್ಲ ಹಾಸಿಗೆಯಲ್ಲಿ ಎದ್ದು ಕೂತೆವು. ಕಾದೆವು. ಏನೂ ಬರಲಿಲ್ಲ. ಆಮೇಲೆ ಬಿಬಿಜಾನ ಚೀರಿದಳು.

ಕಡೆಯ ಸ್ನಾನಕ್ಕೆ ಹೆಂಗಸರು ಸೇರಿದರು. ನೀರು ಹಾಕುವವಳು ಸೈದಾಬಿ, ಊರಲ್ಲಿ ಎಷ್ಟೋ ಮಂದಿಗೆ ಹಾಕಿದ ಕೈ. ಅಂಗಳದಲ್ಲಿ ಅಡ್ಡ ಪರದೆ ಕಟ್ಟಿದ್ದರು, ಗಂಡಸರು ಈಚೆ. ಸೈದಾಬಿ ಕೈ ನಿಲ್ಲಿಸಿದಳು. ಹೆಣದ ಎದೆ ಇಳಿದಿಲ್ಲ. ಒತ್ತಿದರೆ ಬಿಗಿದ ಡೊಳ್ಳಿನ ಚರ್ಮದ ಹಾಗೆ. ಬಾಯಿ ಬಿಚ್ಚುತ್ತಿಲ್ಲ. ಬಿಬಿಜಾನ ಸೊಸೆಯ ತಲೆಯ ಹತ್ತಿರ ಕೂತಿದ್ದಳು. ಎಲ್ಲ ಗೊತ್ತಿತ್ತು ಆ ಮುದುಕಿಗೆ. ಪರದೆಯ ಈಚೆಗೆ ಕೇಳುವಂತೆ ಅಂದಳು:

“ಜೈನೂ… ಈಗರೆ ಅನ್ನೋ ಮಗನ. ಈಕಿಗೆರೆ ಅನ್ನು.”

ಕೊಡದಿಂದ ನೀರು ‘ತಟ್… ತಟ್’ ಅನ್ನುವುದೊಂದೇ ಸದ್ದು. ಜೈನುದ್ದೀನ ಪರದೆಗೆ ಹಣೆ ಒತ್ತಿದ.

“ಬಿಡು,” ಅಂದ. ಆಮೇಲೆ, “ರೋಷನ್… ಬಿಡು.”

‘ಹಾ…’

ಉದ್ದನೆಯ ಉಸಿರು, ದಣಿದವರು ಹೊರೆ ಇಳಿಸಿದ ಹಾಗೆ. ಹೆಂಗಸರು ಮುಖ ಮುಖ ನೋಡಿಕೊಂಡರು. ಎದೆ ಅರ್ಧ ಇಳಿಯಿತು. ನಿಂತಿತು. ಮತ್ತೆ, ತುಸು ತಡೆದು…

‘ಹಾ…’

ಇನ್ನೊಂದು. ಬೇರೆಯವರದು. ಉಸಿರಿಗೂ ದನಿ ಇರುತ್ತದೆ, ಗೋಡೆಯ ಈಚೆ ನಿಂತ ನಮಗೂ ಅದು ಬೇರೆ ಅಂತ ತಿಳಿಯಿತು. ಮೊದಲು ಹೋದವರು ಯಾರು, ಆಮೇಲೆ ಹೋದವರು ಯಾರು, ಅದನ್ನು ಮಾತ್ರ ಹೇಳಲಾರೆ.

ಆ ಮೇಲೆ ಜೈನುದ್ದೀನ ಬಹಳ ವರ್ಷ ಬದುಕಿದ. ನಮ್ಮ ಕಡೆಯವರಿಗೆ ‘ಬಿಡು’ ಇಲ್ಲದೆ ಮಾತೇ ಮುಗಿಯುವುದಿಲ್ಲ. ಇರಲಿ ಬಿಡು, ಹೋಗಲಿ ಬಿಡು. ಅವನ ಬಾಯಲ್ಲಿ ಆ ಮಾತು ಮತ್ತೆ ಬರಲಿಲ್ಲ. ಮೇಕೆಯ ಹಗ್ಗ ಬಿಚ್ಚು ಅನ್ನುವನು, ಬಿಡು ಅನ್ನನು. ಬಾವಿಯ ದಾರಿಯಲ್ಲಿ ಹಿಂದೆ ಯಾವ ಸದ್ದೂ ಕೇಳುತ್ತಿರಲಿಲ್ಲವಂತೆ. ಅದೇ ಅವನಿಗೆ ದೊಡ್ಡ ದುಃಖ. ಕೊನೆಕೊನೆಗೆ ಮಧ್ಯಾಹ್ನ ಹೊತ್ತಿನಲ್ಲಿ ಆಲದ ಕೆಳಗೆ ಬೆನ್ನು ತಿರುಗಿಸಿ ಸುಮ್ಮನೆ ನಿಂತಿರುವನು, ಏನಾದರೂ ಕೇಳೀತೇ ಅಂತ.

ಖರೆಯೇ ಅಂತ ಕೇಳಬೇಡಿ. ಉಸಿರು ನಾನು ಕೇಳಿದ್ದೇನೆ. ಇನ್ನೊಂದು ಇದೆ, ಅದನ್ನು ನಮ್ಮ ಅವ್ವ ಕಂಡಿದ್ದಾಳೆ. ಸ್ನಾನಕ್ಕೆ ಅವಳೂ ನೀರು ತುಂಬಿಕೊಡಲು ಹೋಗಿದ್ದಳು.

ಎರಡನೇ ಉಸಿರು ಹೋದ ಮೇಲೆ ರೋಷನಬಿಯ ಬಾಯಿ ತಾನಾಗಿ ಬಿಚ್ಚಿತು. ಸೈದಾಬಿ ಬಿಳಿ ಅರಿವೆಯಿಂದ ತುಟಿ ಒರೆಸಿದಳು. ಅರಿವೆ ಕೆಂಪಾಯಿತು. ಆ ರೋಗದಲ್ಲಿ ನೆತ್ತರು ಬರುವುದೇ ಅಂದುಕೊಂಡು, ಗಲ್ಲದ ಒಳಗೆ ಬೆರಳಾಡಿಸಿ ಸ್ವಚ್ಛ ಮಾಡಿದಳು. ಬೆರಳಿಗೆ ಏನೋ ತಾಗಿತು. ತೆಗೆದು ಅಂಗೈ ಮೇಲೆ ಇಟ್ಟು ತೋರಿಸಿದಳು. ಅರ್ಧ ಅಗಿದ ಅಡಿಕೆ ಹೋಳು.